ಒಬ್ಬನೇ ಆಡ್ತಿದ್ದೀಯೋ, ಜೊತೆಗೆ ಜನ ಇದ್ದಾರೋ?

ಪ್ರೀತಿಯ ಮಕ್ಕಳೇ, ಮಕ್ಕಳ ಕೈಯಲ್ಲಿ ಕನ್ನಡಕ ಹುಡುಕಿಸುವ ಅಜ್ಜ-ಅಜ್ಜಿಯರೇ,

ಈ ವಾರ ನಾನೇ ಮಾಡಿದ ಒಂದು ತಪ್ಪಿನಿಂದ ಮಾತು ಶುರುಮಾಡುತ್ತೇನೆ.

ಮೇ ತಿಂಗಳ ಕೊನೆಯ ಒಂದು ಸಂಜೆ. ಹೊಸನಗರ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಮಳೆ ಇನ್ನೂ ಹಿಡಿದಿರಲಿಲ್ಲ, ಗುಡುಗು ಮಾತ್ರ ಹುಲಿಕಲ್ ಘಾಟಿಯ ಕಡೆಯಿಂದ ಉರುಳಿಕೊಂಡು ಬರುತ್ತಿತ್ತು. ಮಲೆನಾಡಿನವರಿಗೆ ಇದರ ಕ್ರಮ ಗೊತ್ತು. ಮೊದಲ ಮಿಂಚಿಗೆ ಟೀವಿಯ ವೈರು ಕೀಳಬೇಕು, ಎರಡನೆಯದಕ್ಕೆ ಇಂಟರ್‌ನೆಟ್ ಪೆಟ್ಟಿಗೆಯ ವೈರು. ಹೋದ ವರ್ಷ ಹಾಗೆ ಮಾಡದೆ ಪೆಟ್ಟಿಗೆ ಸುಟ್ಟು ಕರಕಲಾಗಿತ್ತು. ಹಾಗಾಗಿ ಈ ಸಲ ಎರಡನೇ ಮಿಂಚಿಗೆ ಕಾಯಲೇ ಇಲ್ಲ, ಎರಡನ್ನೂ ಕಿತ್ತೆ.

ಮೆತ್ತಿನ ಮೇಲಿಂದ ಒಂದು ಕೂಗು ಬಂತು. “ಅಜ್ಜಾ! ಇನ್ನು ಎರಡೇ ನಿಮಿಷ ಇತ್ತು!”

ಅದು ನಮ್ಮ ಮಾಣಿ, ನನ್ನ ಮೊಮ್ಮಗ. ಎಂಟನೇ ತರಗತಿ. ಅವತ್ತು ಊಟಕ್ಕೆ ಇಳಿದು ಬರಲಿಲ್ಲ. “ಆಟ ತಾನೇ? ನಾಳೆ ಆಡಿದರಾಯಿತು” ಎಂದೆ ನಾನು. ಅಜ್ಜಿ ಅನ್ನ ಮುಚ್ಚಿಟ್ಟಳು.

ಬೆಳಿಗ್ಗೆ ಕೊಟ್ಟಿಗೆಯ ಬಳಿ ಸಿಕ್ಕಿದಾಗ ಪೂರ್ತಿ ವಿಷಯ ಹೇಳಿದ. ಅವನು ಆಡುವುದು ಐದು ಜನರ ತಂಡದಲ್ಲಿ. ಒಬ್ಬ ಮುಂದೆ ನಿಂತು ಪೆಟ್ಟು ತಿನ್ನುವವನು, ಮೂವರು ಹೊಡೆಯುವವರು, ಇವನು ವೈದ್ಯ. ಗಾಯವಾದವರನ್ನು ಗುಣಪಡಿಸುವುದು ಇವನ ಕೆಲಸ. ಮುಕ್ಕಾಲು ಗಂಟೆ ಹೋರಾಡಿ ದೊಡ್ಡ ರಾಕ್ಷಸನ ಎದುರು ಬಂದು ನಿಂತಿದ್ದರಂತೆ. ಅಷ್ಟರಲ್ಲಿ ವೈದ್ಯನೇ ಮಾಯ! “ನಾನಿಲ್ಲದೆ ಎಲ್ಲರೂ ಸತ್ತುಹೋದರು ಅಜ್ಜ. ರಾತ್ರಿಯೇ ನನ್ನನ್ನು ತಂಡದಿಂದ ತೆಗೆದುಹಾಕಿದ್ದಾರೆ.”

ನಾನು ನಕ್ಕುಬಿಟ್ಟೆ. ನಗಬಾರದಿತ್ತು. ಹುಡುಗನ ಕಣ್ಣಲ್ಲಿ ನೀರು ಇತ್ತು.

ನಗು ನಿಂತ ಮೇಲೆ ನನಗೆ ನನ್ನದೇ ಕಥೆ ನೆನಪಾಯಿತು. ಅಜ್ಜ-ಅಜ್ಜಿಯರೇ, ನಿಮಗೆ ಈ ಆಟ ಅರ್ಥವಾಗಬೇಕಾದರೆ ತಾಳಮದ್ದಳೆಯನ್ನು ನೆನೆಸಿಕೊಳ್ಳಿ.

ಮಳೆಗಾಲ ಬಂತೆಂದರೆ ಬಯಲಾಟದ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಆಮೇಲೆ ನಮ್ಮ ಕಡೆ ಯಾರದಾದರೂ ಮನೆಯ ಜಗಲಿಯಲ್ಲಿ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳುತ್ತಾರೆ. ಪಂಚೆ ಉಟ್ಟು ಕುಳಿತ ಅಡಿಕೆ ಬೆಳೆಗಾರನೊಬ್ಬ ಆ ಹೊತ್ತಿಗೆ ಕರ್ಣನಾಗುತ್ತಾನೆ, ಎದುರಿಗೆ ಕುಳಿತ ಮೇಷ್ಟ್ರು ಕೃಷ್ಣನಾಗುತ್ತಾರೆ. ಪದ್ಯ ಮೊದಲೇ ಇರುತ್ತದೆ, ಮಾತು ಮಾತ್ರ ಅಲ್ಲೇ ಹುಟ್ಟಬೇಕು. ಮಕ್ಕಳು ಮೊಬೈಲಿನಲ್ಲಿ, ಕಂಪ್ಯೂಟರಿನಲ್ಲಿ ಆಡುವ ಪಾತ್ರದ ಆಟವೂ ಹೀಗೆಯೇ. ಒಂದು ಕಥೆಯ ಲೋಕ ಇರುತ್ತದೆ. ಅದರೊಳಗೆ ಒಂದು ಪಾತ್ರ ಹಿಡಿದುಕೊಂಡು ಹೋಗಬೇಕು.

ಇಪ್ಪತ್ತೆರಡನೇ ವಯಸ್ಸಿನಲ್ಲಿ ನಾನು ಮೊದಲ ಸಲ ಅರ್ಥ ಹೇಳಲು ಹೊರಟೆ. ಪ್ರಸಂಗ ಕರ್ಣಭೇದನ, ನನ್ನದು ಕರ್ಣ. ತಿಂಗಳುಗಟ್ಟಲೆ ತೋಟದಲ್ಲಿ ಅಡಿಕೆ ಮರಗಳನ್ನೇ ಕೃಷ್ಣ ಮಾಡಿಕೊಂಡು ಮಾತಾಡಿದೆ. ಒಂದು ಮರವೂ ಎದುರಾಡಲಿಲ್ಲ. ನಾನು ಭಾರಿ ಅರ್ಥಧಾರಿ ಎಂದುಕೊಂಡೆ. ತೀರ್ಥಹಳ್ಳಿ ಸಮೀಪದ ಒಂದು ಮನೆಯಲ್ಲಿ ಆ ರಾತ್ರಿ ಕೃಷ್ಣನಾಗಿದ್ದ ಹಿರಿಯರು, ನಾನು ಎಣಿಸಿರದ ಒಂದು ಸಣ್ಣ ಪ್ರಶ್ನೆ ಕೇಳಿದರು. ಬಾಯಿ ಕಟ್ಟಿತು. ಕಲಿತಿದ್ದನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿಬಿಟ್ಟೆ. ಅವರಿಗೆ ಮಾತಾಡಲು ಜಾಗವೇ ಬಿಡಲಿಲ್ಲ. ಮುಗಿದ ಮೇಲೆ ಅವರು ಬೈಯಲಿಲ್ಲ. “ತಮ್ಮಾ, ಚೆನ್ನಾಗಿ ಓದಿಕೊಂಡಿದ್ದೀಯ. ಇನ್ನು ಕೇಳಿಸಿಕೊಳ್ಳುವುದನ್ನು ಕಲಿ” ಎಂದರು.

ಒಬ್ಬನೇ ಕಲಿಯುವುದು ಒಂದು, ಕೂಡಿ ಆಡುವುದು ಇನ್ನೊಂದು. ತೋಟದಲ್ಲಿ ಅಭ್ಯಾಸ ಮಾಡದಿದ್ದರೆ ನನಗೆ ಅಲ್ಲಿ ಕುಳಿತುಕೊಳ್ಳುವ ಯೋಗ್ಯತೆಯೇ ಇರುತ್ತಿರಲಿಲ್ಲ. ಹಾಗೆಂದು ತೋಟದಲ್ಲೇ ಉಳಿದಿದ್ದರೆ ಆ ಮಾತು ನನಗೆ ಸಿಗುತ್ತಿರಲಿಲ್ಲ.

ಈ ಆನ್‌ಲೈನ್ ಪಾತ್ರದ ಆಟಗಳ ಮೊದಲೂ ಸ್ವಲ್ಪ ತಾಳಮದ್ದಳೆಯಂತೆಯೇ ಇದೆ. 1974ರಲ್ಲಿ ಅಮೆರಿಕದಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟ ಬಂತು. ಮೇಜಿನ ಸುತ್ತ ನಾಲ್ಕೈದು ಜನ, ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ಭಾಗವತರಂತೆ ಕಥೆ ನಡೆಸಲು ಒಬ್ಬ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾದ ರಾಯ್ ಟ್ರಬ್‌ಶಾ ಮತ್ತು ರಿಚರ್ಡ್ ಬಾರ್ಟಲ್ ಕಂಪ್ಯೂಟರಿನಲ್ಲಿ ಹಲವರು ಒಟ್ಟಿಗೆ ಆಡುವ ‘ಮಡ್’ ಎಂಬ ಆಟ ಕಟ್ಟತೊಡಗಿದರು. ಅದರಲ್ಲಿ ಚಿತ್ರವೇ ಇರಲಿಲ್ಲ! ಬರೀ ಅಕ್ಷರ. ‘ನೀನು ಕಾಡಿನ ದಾರಿಯಲ್ಲಿ ನಿಂತಿದ್ದೀಯ’ ಎಂಬಂಥ ಸಾಲು ಬಂದರೆ ಉಳಿದದ್ದನ್ನೆಲ್ಲ ಮನಸ್ಸಿನಲ್ಲೇ ನೋಡಿಕೊಳ್ಳಬೇಕಿತ್ತು.

ಇದೇ ಬಾರ್ಟಲ್ 1996ರಲ್ಲಿ ಒಂದು ಲೇಖನ ಬರೆದು ಆಟಗಾರರನ್ನು ನಾಲ್ಕು ಬಗೆ ಮಾಡಿದರು. ಗೆದ್ದು ಅಂಕ ಕೂಡಿಸುವವರು, ಮೂಲೆಮೂಲೆ ಹುಡುಕುವವರು, ಮಾತಿಗೆ ಜನ ಬೇಕೆನ್ನುವವರು, ಇತರರನ್ನು ಕಾಡುವವರು. ಸಾಗರದಲ್ಲಿ ಮೂರು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆಗೆ ಹೋಗಿ ನೋಡಿ, ಈ ನಾಲ್ಕು ಬಗೆಯವರೂ ಅಲ್ಲಿ ಸಿಗುತ್ತಾರೆ. ರಿಂಗು ಎಸೆದು ಸೋಪು ಗೆದ್ದೇ ತೀರುತ್ತೇನೆ ಎನ್ನುವವನು ಒಬ್ಬ. ಎಲ್ಲ ಅಂಗಡಿಯನ್ನೂ ಸುತ್ತಿ ಏನೂ ಕೊಳ್ಳದವನು ಇನ್ನೊಬ್ಬ. ನೆಂಟರು ಸಿಕ್ಕಲ್ಲೇ ನಿಂತು ಮಾತಾಡುವವಳು ಒಬ್ಬಳು. ಬೆನ್ನ ಹಿಂದೆ ಪೀಪಿ ಊದಿ ಓಡುವವನು ಮತ್ತೊಬ್ಬ. ಮಕ್ಕಳೇ, ನಿಮ್ಮದು ಯಾವ ಬಗೆ ಎಂದು ಯೋಚಿಸಿ ನೋಡಿ.

ಮಾಣಿಯ ಕಥೆಗೆ ಮರಳೋಣ. ತಂಡ ಹೋದ ಮೇಲೆ ಅವನು ಒಬ್ಬನೇ ಆಡುವ ಆಟ ಹಿಡಿದ. ಮೂರು ನಾಲ್ಕು ವಾರ ಹಾಗೇ ನಡೆಯಿತು. ಕರೆದ ತಕ್ಷಣ ಆಟ ನಿಲ್ಲಿಸಿ ಬರುತ್ತಿದ್ದ. ಮೊದಲಿನಂತೆ ‘ಬಾರೋ, ಹೊಡಿಯೋ, ಎಡಗಡೆ ನೋಡೋ’ ಎಂಬ ಕೂಗಾಟವೂ ಇಲ್ಲ. ಅಜ್ಜಿಗೆ ಸಮಾಧಾನ. “ಹುಡುಗ ಸುಧಾರಿಸಿದ” ಎಂದಳು. ನನಗೆ ಹಾಗೆ ಅನಿಸಲಿಲ್ಲ. ಮಾಣಿ ಊಟದ ಹೊತ್ತಿನಲ್ಲೂ ಮಾತು ಕಡಿಮೆ ಮಾಡಿದ್ದ. ಅವನು ಏಕಾಂತ ಬೇಕೆಂದು ಒಬ್ಬನೇ ಆಡುತ್ತಿರಲಿಲ್ಲ. ಮತ್ತೆ ಯಾರಾದರೂ ಹೊರಗೆ ಹಾಕಿದರೆ ಎಂಬ ಹೆದರಿಕೆಗೆ ಆಡುತ್ತಿದ್ದ.

ಆಷಾಢ ಬಂತು. ಆಗುಂಬೆಯಿಂದ ಹುಲಿಕಲ್‌ವರೆಗೆ ಆಕಾಶ ತೂತಾದಂತೆ ಮಳೆ. ಶಾಲೆಗೆ ರಜೆ, ಕರೆಂಟಿಗೂ ರಜೆ. ಅಜ್ಜಿ ಅಟ್ಟದಿಂದ ಚೆನ್ನೆಮಣೆ ಇಳಿಸಿದಳು. ಕೆಲವರು ಇದನ್ನು ಅಳಗುಳಿಮಣೆ ಎನ್ನುತ್ತಾರೆ. ಸಾಲಿಗೆ ಏಳರಂತೆ ಎರಡು ಸಾಲು, ಒಟ್ಟು ಹದಿನಾಲ್ಕು ಗುಳಿ. ಪ್ರತಿ ಗುಳಿಯಲ್ಲಿ ನಾಲ್ಕು ಹುಣಿಸೆ ಬೀಜ ಇಟ್ಟಳು. ಆಮೇಲೆ ಯಾರನ್ನೂ ಕರೆಯದೆ ತಾನೇ ಒಂದು ಗುಳಿಯ ಕಾಳು ತೆಗೆದು ಒಂದೊಂದಾಗಿ ಬಿಡುತ್ತ ಆಡತೊಡಗಿದಳು.

“ಎದುರಿಗೆ ಯಾರೂ ಇಲ್ಲವಲ್ಲ ಅಜ್ಜಿ?” ಎಂದ ಮಾಣಿ.

“ಇದು ಸೀತೆಯಾಟ” ಎಂದಳು ಅಜ್ಜಿ. ಅಶೋಕವನದಲ್ಲಿ ಒಂಟಿಯಾಗಿದ್ದ ಸೀತೆ ಹೀಗೆ ಆಡಿ ಹೊತ್ತು ಕಳೆದಳು ಎಂಬುದು ಹಿರಿಯರ ನಂಬಿಕೆ. ಒಬ್ಬರೇ ಕುಳಿತು ಆಡುವುದಕ್ಕೂ ನಮ್ಮ ಹಿರಿಯರು ಒಂದು ಹೆಸರು ಇಟ್ಟಿದ್ದಾರೆ, ನೋಡಿ! ಅದನ್ನು ಯಾರೂ ಕೆಟ್ಟ ಆಟ ಎನ್ನಲಿಲ್ಲ.

ಕೂಡಿ ಆಡುವುದರ ಅಪಾಯವನ್ನೂ ಹಿರಿಯರು ಹೇಳಿದ್ದಾರೆ. ಘಟ್ಟದ ಕೆಳಗೆ ತುಳುನಾಡಿನಲ್ಲಿ ಸಿರಿಯ ಪಾಡ್ದನ ಇದೆ. ಅದರಲ್ಲಿ ಸಿರಿಯ ಮೊಮ್ಮಕ್ಕಳಾದ ಅಬ್ಬಗ, ದಾರಗ ಎಂಬ ಅವಳಿ ಸೋದರಿಯರು ಚೆನ್ನೆ ಆಡುತ್ತ ಆಡುತ್ತ ಜಗಳಕ್ಕೆ ಬೀಳುತ್ತಾರೆ. ಸಿಟ್ಟಿನಲ್ಲಿ ಮಣೆಯೇ ಆಯುಧವಾಗುತ್ತದೆ. ಇಬ್ಬರ ಬದುಕೂ ಅಲ್ಲಿಗೆ ಮುಗಿಯುತ್ತದೆ. ಅಕ್ಕ ತಂಗಿ ಎದುರುಬದುರು ಕುಳಿತು ಚೆನ್ನೆ ಆಡಬಾರದು ಎಂಬ ಮಾತು ಇದರಿಂದಲೇ ಉಳಿದಿದೆ.

ಕಥೆ ಕೇಳಿ ಮಾಣಿ ತುಂಬ ಹೊತ್ತು ಸುಮ್ಮನಿದ್ದ. ಆಮೇಲೆ, “ಅಜ್ಜಿ, ಹಾಗಾದರೆ ಯಾವುದು ಒಳ್ಳೆಯದು? ಒಬ್ಬನೇ ಆಡುವುದೋ, ಕೂಡಿ ಆಡುವುದೋ?” ಎಂದ.

ಅಜ್ಜಿ ಕಾಳು ಎಣಿಸುತ್ತ, “ನಿನ್ನ ಅಜ್ಜ ಕರೆದರೆ ಸೀತೆಯಾಟ ಬಿಟ್ಟು ಏಳಬಹುದು. ಕಾಳು ಕಾಯ್ತಾವೆ. ಎದುರಿಗೆ ಮನುಷ್ಯ ಕೂತಿದ್ದರೆ ಹೇಳದೆ ಏಳಬಾರದು. ಅಷ್ಟೇ ವ್ಯತ್ಯಾಸ” ಎಂದಳು.

ನನಗೆ ವೈರು ಕಿತ್ತ ಸಂಜೆ ನೆನಪಾಯಿತು.

ಒಬ್ಬನೇ ಆಡುವ ಆಟ ನಮ್ಮ ಹೊತ್ತಿಗೆ ನಿಲ್ಲುತ್ತದೆ. ಕೂಡಿ ಆಡುವ ಆಟ ಎಲ್ಲರ ಹೊತ್ತಿಗೆ ನಿಲ್ಲಬೇಕು. ನಮ್ಮ ಮನೆಗಳಲ್ಲಿ ನಡೆಯುವ ಮೊಬೈಲ್ ಜಗಳದಲ್ಲಿ ಅರ್ಧ ಪಾಲು ಈ ಎರಡು ಆಟಗಳ ವ್ಯತ್ಯಾಸ ಹಿರಿಯರಿಗೆ ಗೊತ್ತಿಲ್ಲದ್ದರಿಂದ ಹುಟ್ಟುತ್ತದೆ, ಇನ್ನರ್ಧ ಮಕ್ಕಳು ಅದನ್ನು ಮೊದಲೇ ಹೇಳದ್ದರಿಂದ.

ಈ ಎರಡರ ಹದ ಹುಡುಕುವುದು ಆಟ ಕಟ್ಟುವ ದೊಡ್ಡ ಕಂಪನಿಗಳಿಗೂ ಸುಲಭವಾಗಿಲ್ಲ. 2004ರಲ್ಲಿ ಬಂದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ನಲ್ಲಿ ಕೆಲವು ಕಾಳಗಗಳಿಗೆ ನಲವತ್ತು ಜನ ಒಟ್ಟಿಗೆ ಸೇರಬೇಕಿತ್ತು. ಒಂದು ಮದುವೆಯ ಪಂಕ್ತಿಯೇ ಅದು! ಆದರೆ 2006ರಲ್ಲಿ ಅಮೆರಿಕದ ಸಂಶೋಧಕರು ಅದೇ ಆಟವನ್ನು ಗಮನಿಸಿದಾಗ, ಆಟಗಾರರು ಬಹಳಷ್ಟು ಹೊತ್ತು ಒಬ್ಬೊಬ್ಬರೇ ಆಡುತ್ತಾರೆ ಎಂದು ಕಂಡಿತು. ಅವರಿಗೆ ಸುತ್ತ ಜನ ಇರಬೇಕು, ಅಷ್ಟೇ. ಜೊತೆಗೆ ಆಡಲೇಬೇಕೆಂದಿಲ್ಲ. ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ಒಬ್ಬರೇ ಮಂಡಕ್ಕಿ ತಿನ್ನುತ್ತ ತುಂಗೆಯ ದಡದಲ್ಲಿ ನಿಲ್ಲುವುದಿಲ್ಲವೇ? ಯಾರ ಜೊತೆಗೂ ಮಾತಿಲ್ಲ, ಆದರೂ ಮನೆಯಲ್ಲಿ ಒಬ್ಬರೇ ಕುಳಿತಂತಲ್ಲ.

‘ಓಲ್ಡ್ ಸ್ಕೂಲ್ ರೂನ್‌ಸ್ಕೇಪ್’ ಎಂಬ ಆಟದಲ್ಲಿ 2014ರಲ್ಲಿ ‘ಐರನ್‌ಮ್ಯಾನ್’ ಎಂಬ ಕ್ರಮ ತಂದರು. ಅದನ್ನು ಆರಿಸಿಕೊಂಡವರು ಬೇರೆಯವರೊಂದಿಗೆ ಕೊಡುಕೊಳ್ಳುವ ವ್ಯವಹಾರ ಮಾಡುವಂತಿಲ್ಲ. ಬೇಕಾದದ್ದನ್ನು ತಾವೇ ದುಡಿದು ಗಳಿಸಬೇಕು. ಸಾವಿರಾರು ಜನ ಓಡಾಡುವ ಲೋಕದಲ್ಲಿ ಒಬ್ಬನೇ ಗುಡಿಸಲು ಕಟ್ಟಿದ ಹಾಗೆ. 2021ರಲ್ಲಿ ಅದೇ ಆಟಕ್ಕೆ ಇನ್ನೊಂದು ಕ್ರಮ ಸೇರಿತು. ಎರಡರಿಂದ ಐದು ಜನ ಸೇರಿ ಒಂದು ಸಣ್ಣ ಗುಂಪಾಗಬಹುದು, ತಮ್ಮತಮ್ಮೊಳಗೆ ಹಂಚಿಕೊಳ್ಳಬಹುದು. 2020ರಲ್ಲಿ ಬಂದ ‘ಗೆನ್‌ಶಿನ್ ಇಂಪ್ಯಾಕ್ಟ್’ ಮುಖ್ಯವಾಗಿ ಒಬ್ಬರೇ ಆಡುವ ಕಥೆ. ಸ್ವಲ್ಪ ಮುಂದೆ ಹೋದ ಮೇಲೆ ಒಟ್ಟು ನಾಲ್ಕು ಜನರವರೆಗೆ ಒಂದೇ ಲೋಕದಲ್ಲಿ ಸೇರಬಹುದು.

ಮನುಷ್ಯನಿಗೆ ಎರಡೂ ಬೇಕು. ಒಂದು ಕಡೆ ನಲವತ್ತು ಜನರ ಗದ್ದಲ, ಇನ್ನೊಂದು ಕಡೆ ಒಂಟಿ ಗುಡಿಸಲು. ನಡುವೆ ಒಂದು ಸಣ್ಣ ಜಗಲಿ. ನಮ್ಮ ಮಾಣಿಗೆ ಸಿಕ್ಕಿದ್ದು ಆ ಜಗಲಿಯೇ.

ಅವನ ಚಿಕ್ಕಮ್ಮನ ಮಗ ತೀರ್ಥಹಳ್ಳಿಯಲ್ಲಿದ್ದಾನೆ, ಸೋದರತ್ತೆಯ ಮಗಳು ಸಾಗರದಲ್ಲಿ. ಇಬ್ಬರೂ ಅದೇ ಆಟ ಆಡುತ್ತಾರೆಂದು ಹಬ್ಬಕ್ಕೆ ಸೇರಿದಾಗ ಗೊತ್ತಾಯಿತು. ಈಗ ಮೂವರದೇ ಒಂದು ತಂಡ. ತಂಡಕ್ಕೆ ನದಿಯ ಹೆಸರು ಇಟ್ಟುಕೊಂಡಿದ್ದಾರೆ. ಸರಿಯಾಗಿಯೇ ಇದೆ. ಶರಾವತಿ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುತ್ತಾಳೆ, ನಮ್ಮ ಹೊಸನಗರದ ಮೇಲೆ ಹರಿಯುತ್ತಾಳೆ, ಸಾಗರ ತಾಲ್ಲೂಕಿನ ಜೋಗದಲ್ಲಿ ಧುಮುಕುತ್ತಾಳೆ.

ಮೂವರೂ ಅಜ್ಜಿಯ ಎದುರು ಕುಳಿತು ಒಂದು ಒಪ್ಪಂದ ಮಾಡಿಕೊಂಡರು. ನಿಮಗೂ ಉಪಯೋಗವಾಗಬಹುದು, ಬರೆಯುತ್ತೇನೆ.

ಮೊದಲನೆಯದು, ಶಾಲೆಯ ದಿನಗಳಲ್ಲಿ ಓದು ಮುಗಿದ ಮೇಲೆ ಆಡಿದರೆ ಒಬ್ಬರೇ ಆಡುವ ಆಟ ಮಾತ್ರ. ಊಟಕ್ಕೆ ಕರೆದಾಗ ನಿಲ್ಲಿಸಲು ಬರುವಂಥದ್ದು. ಕೂಡಿ ಆಡುವುದು ಶನಿವಾರ ಸಂಜೆ. ಐದಕ್ಕೆ ಶುರು, ಆರೂವರೆಗೆ ಮುಗಿತಾಯ. ಹೊತ್ತು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದಿರಬೇಕು.

ಎರಡನೆಯದು, ಕರೆಂಟೋ ನೆಟ್‌ವರ್ಕೋ ಹೋಗಿ ಒಬ್ಬರು ಮಾಯವಾದರೆ ಯಾರೂ ಬೈಯುವಂತಿಲ್ಲ. ಮಲೆನಾಡಿನಲ್ಲಿ ಅದಕ್ಕೆ ಬೈದರೆ ಮಳೆಗೇ ಬೈಯಬೇಕಾಗುತ್ತದೆ. ಆನ್‌ಲೈನ್ ಪಾಠದ ಕಾಲದಲ್ಲಿ ನೆಟ್‌ವರ್ಕ್ ಹುಡುಕಿ ಕೊಡೆ ಹಿಡಿದು ಗುಡ್ಡ ಹತ್ತಿದ ಮಕ್ಕಳು ಇವರು.

ಮೂರನೆಯದು, ಗುರುತಿಲ್ಲದವರು ತಂಡಕ್ಕೆ ಬಂದರೆ ಆಟದ ಮಾತು ಮಾತ್ರ. ಹೆಸರು, ಶಾಲೆ, ಊರು, ಫೋಟೋ, ಫೋನ್ ನಂಬರ್ ಯಾವುದೂ ಹೇಳುವಂತಿಲ್ಲ. ಯಾರಾದರೂ ‘ಇದನ್ನು ಮನೆಯಲ್ಲಿ ಹೇಳಬೇಡ’ ಎಂದರೆ ಮೊದಲು ಮನೆಯಲ್ಲೇ ಹೇಳಬೇಕು.

ನಾಲ್ಕನೆಯದು ಹಣದ್ದು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನಿಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿದೆ. ಪಾತ್ರದ ಆಟಗಳಲ್ಲಿ ಕತ್ತಿ, ಬಟ್ಟೆ, ಹೊಸ ಪಾತ್ರ ಎಂದು ದುಡ್ಡು ಕೇಳುವುದು ಬೇರೆ ವಿಷಯ. ‘ತಂಡದಲ್ಲಿ ಎಲ್ಲರ ಹತ್ತಿರ ಇದೆ’ ಎಂಬುದು ಕೊಳ್ಳಲು ಕಾರಣವಲ್ಲ. ಅಪ್ಪ ಅಮ್ಮನನ್ನು ಕೇಳದೆ ಒಂದು ರೂಪಾಯಿಯೂ ಇಲ್ಲ.

ಐದನೆಯದನ್ನು ಸಾಗರದ ಕೂಸು ಸೇರಿಸಿದಳು. ಯಾರಿಗಾದರೂ ಇವತ್ತು ಒಬ್ಬರೇ ಇರಬೇಕು ಅನಿಸಿದರೆ ‘ನನಗೆ ಇವತ್ತು ಸೀತೆಯಾಟ’ ಎಂದರೆ ಸಾಕು. ಕಾರಣ ಕೇಳುವಂತಿಲ್ಲ. ಆದರೆ ಎರಡು ವಾರ ಸತತ ಸೀತೆಯಾಟವಾದರೆ ಉಳಿದ ಇಬ್ಬರಲ್ಲಿ ಒಬ್ಬರು ಫೋನ್ ಮಾಡಿ ‘ಹೇಗಿದ್ದೀಯ?’ ಎಂದು ಕೇಳಲೇಬೇಕು. ಈ ಮಾತು ನನಗೆ ಬಹಳ ಹಿಡಿಸಿತು. ದೊಡ್ಡವರಾದ ನಮಗೂ ಇಂಥದ್ದೊಂದು ಒಪ್ಪಂದ ಇದ್ದಿದ್ದರೆ ಎನಿಸಿತು.

ಅಜ್ಜ-ಅಜ್ಜಿಯರೇ, ನಮಗೂ ಎರಡು ಕೆಲಸ ಇದೆ. ಒಂದು, ಸಿಟ್ಟು ಮಾಡುವ ಮೊದಲು ‘ಒಬ್ಬನೇ ಆಡ್ತಿದ್ದೀಯೋ, ಜೊತೆಗೆ ಜನ ಇದ್ದಾರೋ?’ ಎಂದು ಕೇಳುವುದು. ಒಬ್ಬನೇ ಎಂದರೆ ಕೂಡಲೇ ಎದ್ದು ಬರಲಿ. ಜನ ಇದ್ದಾರೆ ಎಂದರೆ ಹೇಳಿ ಬರಲು ಐದು ನಿಮಿಷ ಕೊಡೋಣ. ಎರಡು, ಒಂದು ದಿನ ಪಕ್ಕದಲ್ಲಿ ಕುಳಿತು ನೋಡುವುದು. ನಾನು ನೋಡಿದೆ. ನಮ್ಮ ಮಾಣಿ ರಾಕ್ಷಸನನ್ನು ಹೊಡೆಯಲೇ ಇಲ್ಲ, ಆಟ ಮುಗಿಯುವವರೆಗೂ ಗಾಯಾಳುಗಳ ಹಿಂದೆಯೇ ಓಡಿದ. ಅವನು ಎಂಥ ಹುಡುಗ ಎಂದು ನನಗೆ ಅವತ್ತು ಇನ್ನಷ್ಟು ಗೊತ್ತಾಯಿತು.

ಮಕ್ಕಳೇ, ನಿಮಗೊಂದು ಕಿವಿಮಾತು. ನಿಮ್ಮನ್ನು ತಂಡದಿಂದ ತೆಗೆದರೆ ಬೇಸರವಾಗುತ್ತದೆ, ಅದು ಸಹಜ. ಆದರೆ ಒಂದು ಸಲ ಮಾಯವಾದದ್ದಕ್ಕೆ ಏನಾಯಿತೆಂದು ಕೇಳದೆ ಹೊರಗೆ ಹಾಕುವ ತಂಡ ನಿಮ್ಮದಾಗಿರಲಿಲ್ಲ. ‘ಏನಾಯ್ತು, ಹುಷಾರಾಗಿದ್ದೀಯ?’ ಎಂದು ಕೇಳುವವರ ಜೊತೆ ಆಡಿ. ಬೇರೆಯವರು ಮಾಯವಾದಾಗ ನೀವೂ ಹಾಗೇ ಕೇಳಿ. ಹೆದರಿಕೆಯಿಂದ ಒಂಟಿಯಾಗಬೇಡಿ, ಹೆದರಿಕೆಯಿಂದ ಗುಂಪಿಗೂ ಅಂಟಿಕೊಳ್ಳಬೇಡಿ.

ಹೋದ ಶನಿವಾರ ಮತ್ತೆ ಗುಡುಗು. ನಾನೀಗ ಮಿಂಚಿಗೆ ಕಾಯುವುದಿಲ್ಲ. ದೂರದ ಮೊದಲ ಗುಡುಗಿಗೇ ಮೆತ್ತಿನ ಬುಡಕ್ಕೆ ಹೋಗಿ ಕೂಗಿದೆ. “ಮಾಣಿ, ಜನ ಇದ್ದಾರೇನೋ?”

“ಇದ್ದಾರೆ ಅಜ್ಜ! ಹೇಳಿ ಬಂದೆ!”

ನಾನು ವೈರಿನ ಮೇಲೆ ಕೈಯಿಟ್ಟು ನಿಂತೆ. ಮೇಲಿಂದ ಅವನು ಉಳಿದಿಬ್ಬರಿಗೆ ಹೇಳುವುದು ಕೇಳಿಸಿತು. “ಗುಡುಗು ಬಂತು, ಅಜ್ಜ ವೈರು ಹಿಡ್ಕೊಂಡಿದ್ದಾರೆ.” ಆಮೇಲೆ ಜೋರಾಗಿ ನಕ್ಕ. ಇಳಿದು ಬಂದ ಮೇಲೆ ಯಾಕೆ ನಕ್ಕೆ ಎಂದು ಕೇಳಿದೆ.

“ತೀರ್ಥಹಳ್ಳಿಯಲ್ಲೂ ಅವನ ಅಜ್ಜ ವೈರು ಹಿಡ್ಕೊಂಡೇ ನಿಂತಿದ್ದಾರಂತೆ” ಎಂದ ಮಾಣಿ.